ಕರಡಿಯ ಮನೆಗೆ ಲಿಂಟಲ್

ಒಂದು ಪುಸ್ತಕ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಹತ್ತಾರು ಪುಸ್ತಕ ಓದಿ, ಅದರಲ್ಲಿ ಇದು ಕೆಟ್ಟದ್ದು ಎಂದು ಆರಿಸಿದವನಲ್ಲ ನಾನು. ಐದನೇ ತರಗತಿಗೆ ಶಾಲೆ ಬಿಟ್ಟವನು. ಗೌಂಡಿ ಕೆಲಸ ಮಾಡುತ್ತೇನೆ, ಗೋಡೆ ಕಟ್ಟುತ್ತೇನೆ. ನಮ್ಮ ಮನೆಯಲ್ಲಿ ಇರುವುದೇ ಒಂದು ಪುಸ್ತಕ, ಅದು ಇದೇ. ಒಂದೇ ಒಂದು ಪುಸ್ತಕ ಇಷ್ಟು ಸಿಟ್ಟು ಬರಿಸುತ್ತದೆ ಎಂದರೆ, ಮನೆ ತುಂಬ ಇಟ್ಟುಕೊಂಡವರು ಹೇಗೆ ಬದುಕುತ್ತಾರೋ ನೀವೇ ಹೇಳಬೇಕು.

ಶಂಶಾಬಾದಿನಲ್ಲಿ, ವಿಮಾನಗಳು ತಲೆಗೆ ತಾಗುವ ಹಾಗೆ ಇಳಿಯುವ ಕಡೆ, ನಮ್ಮದು ಒಂದು ಕೋಣೆಯ ಬಾಡಿಗೆ ಮನೆ. ಸಂಜೆ ಕೆಲಸ ಮುಗಿಸಿ ಬಂದರೆ ಕೈಯ ಸಿಮೆಂಟು ತೊಳೆಯುವುದಕ್ಕೂ ಪುರುಸೊತ್ತು ಸಿಗುವುದಿಲ್ಲ. ನಾಲ್ಕು ವರ್ಷದ ಮಗಳು ಭಾಗಿ ಎದೆಗೆ ಪುಸ್ತಕ ಅವುಚಿಕೊಂಡು ಬಾಗಿಲಲ್ಲೇ ನಿಂತಿರುತ್ತಾಳೆ.

“ಅಪ್ಪಾ, ಕರಡೀದು ಓದು.”

“ಚಾ ಕುಡೀತೀನಿ ತಡಿಯವ್ವಾ.”

“ಕುಡಕೋತ ಓದು.”

“ನಿನ್ನೆ ಓದೀನಲ್ಲ?”

“ನಿನ್ನೇದು ಮುಗೀತು. ಇವತ್ತಿಂದು ಓದು.”

ಇದಕ್ಕೆ ಏನು ಉತ್ತರ ಕೊಡುತ್ತೀರಿ? ನಾನಂತೂ ಉತ್ತರ ಕೊಡುವುದು ಬಿಟ್ಟು ಪುಸ್ತಕ ಬಚ್ಚಿಡಲು ಶುರು ಮಾಡಿದೆ. ಜೋಳದ ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟೆ, ಹುಡುಕಿದಳು. ಕೌದಿಯ ಮಡಿಕೆಯಲ್ಲಿ ಇಟ್ಟೆ, ಹುಡುಕಿದಳು. ಕರಣೆ, ಗೋಡೆ ನೆಟ್ಟಗಿದೆಯೇ ನೋಡುವ ತೂಗುಗುಂಡು ಇಡುವ ನನ್ನ ಚೀಲದ ತಳದಲ್ಲಿ ಹಾಕಿಕೊಂಡು ಕೆಲಸಕ್ಕೇ ಒಯ್ದೆ. ಅವತ್ತು ಊಟ ಬಿಟ್ಟು ಕೂತಳು. ನನ್ನ ಹೆಂಡತಿ ಮಾದೇವಿ ರೊಟ್ಟಿ ಬಡಿಯುತ್ತ ನಗುತ್ತಾಳೆ.

“ಓದಿದ್ರ ಐದು ನಿಮಿಷದ ಕೆಲಸ. ಮುಚ್ಚಿಡಾಕ ಅರ್ಧ ತಾಸು ತಗೋತೀರಿ. ಇಂಥಾ ಗೌಂಡಿ ನೋಡಿಲ್ಲ ಬಿಡ್ರಿ ನಾ.”

“ನೀನs ಓದು ಹಂಗಾರ.”

“ನಾ ಓದಿದ್ರ ತಪ್ಪಂತ. ಅಪ್ಪನ ಹಂಗ ಬರಂಗಿಲ್ಲಂತ.”

ಬರುವುದಾದರೂ ಹೇಗೆ? ಆ ಪುಸ್ತಕದಲ್ಲಿ ಬರೆದಿರುವುದು ಉರ್ದುವಿನಲ್ಲಿ. ಹೈದರಾಬಾದಿಗೆ ಬಂದು ಏಳು ವರ್ಷ ಆಯಿತು. ಉರ್ದು ನನ್ನ ಬಾಯಿಗೆ ಬಂದಿದೆ, ಕಣ್ಣಿಗೆ ಬಂದಿಲ್ಲ. ಮೂರು ತಿಂಗಳ ಹಿಂದೆ ಮೆಹದಿಪಟ್ಟಣಂನಲ್ಲಿ ಒಂದು ಹಳೆಯ ಮನೆಯ ಅಡುಗೆಮನೆ ಒಡೆದು ಕಟ್ಟುತ್ತಿದ್ದೆವು. ಮೂಲೆಯಲ್ಲಿ ರದ್ದಿ ರಾಶಿ ಇತ್ತು. ಎಲ್ಲ ಒಯ್ದು ಒಗೆಯಿರಿ ಎಂದರು ಮನೆಯವರು. ರಾಶಿಯಲ್ಲಿ ಇದು ಸಿಕ್ಕಿತು. ಮೇಲೆ ಕೆಳಗೆ ಎರಡೂ ಕಡೆಯ ರಟ್ಟು ಹರಿದುಹೋಗಿತ್ತು, ಒಳಗಿನ ಹಾಳೆಗಳು ಮಾತ್ರ ದಪ್ಪ ಇದ್ದವು. ಬಾಗಿಲ ಚೌಕಟ್ಟು ನಿಲ್ಲಿಸುವಾಗ ಸಂದಿಗೆ ಹಾಕಲು ಚೆನ್ನಾಗಿದೆ ಎಂದು ಚೀಲಕ್ಕೆ ತುರುಕಿಕೊಂಡೆ. ಮಗಳಿಗೆ ಪುಸ್ತಕ ತಂದ ಅಪ್ಪ ಅಂತ ಯಾರೂ ನನ್ನನ್ನು ಹೊಗಳಬೇಡಿ. ನಾನು ತಂದದ್ದು ಸಂದಿಗೆ ಹಾಕಲು. ಚೀಲಕ್ಕೆ ಕೈ ಹಾಕಿ ಎಳೆದುಕೊಂಡವಳು ಅವಳು.

“ಇದರಾಗ ಏನೈತಿ, ಓದು” ಎಂದಳು.

ಓದಲು ಬರುವುದಿಲ್ಲ ಎಂದು ನಾಲ್ಕು ವರ್ಷದ ಮಗುವಿಗೆ ಹೇಳಲು ಬಾಯಿ ಬರಲಿಲ್ಲ. ಚಿತ್ರ ನೋಡಿ ಹೇಳುತ್ತ ಹೋದೆ. ಮೊದಲ ಪುಟದಲ್ಲಿ ಒಂದು ಇಟ್ಟಂಗಿ ರಾಶಿ, ಅದರ ಮೇಲೆ ತಲೆಗೆ ಕೈ ಹಚ್ಚಿ ಕೂತ ಕರಡಿ. ಕರಡಿ ಮನೆ ಕಟ್ಟಬೇಕಂತ ಇಟ್ಟಂಗಿ ತರಿಸಿದೆ, ಸಿಮೆಂಟಿನ ಲಾರಿ ಇನ್ನೂ ಬಂದಿಲ್ಲ, ದಾರಿ ಕಾಯುತ್ತಿದೆ ಎಂದೆ. ನಮಗೆ ಇದು ದಿನಾ ಆಗುವುದೇ. ಮುಂದಿನ ಪುಟದಲ್ಲಿ ಮೊಣಕಾಲೆತ್ತರದ ಗೋಡೆ, ಪಕ್ಕದಲ್ಲಿ ಕೈ ಎತ್ತಿ ಒದರುತ್ತಿರುವ ಆಡು. ಆಡು ಮೇಸ್ತ್ರಿ, ‘ಲಗೂ ಲಗೂ’ ಎಂದು ಬೈಯುತ್ತಿದೆ ಎಂದೆ. ಅದರ ಮುಂದಿನ ಪುಟದಲ್ಲಿ ಗೋಡೆಗೆ ಕಿಟಕಿ ಬಂದಿತ್ತು. ಅಲ್ಲಿ ನನಗೆ ಮೊದಲ ಸಲ ಸಿಟ್ಟು ಬಂತು.

ಕಿಟಕಿಯ ಮೇಲೆ ಲಿಂಟಲ್ ಇರಲಿಲ್ಲ.

ನಿಮ್ಮಲ್ಲಿ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಬಾಗಿಲು, ಕಿಟಕಿ ಎಂದರೆ ಗೋಡೆಯಲ್ಲಿ ಬಿಟ್ಟ ಬಾಯಿ. ಆ ಬಾಯಿಯ ಮೇಲಿನ ಗೋಡೆಯ ಭಾರ ಯಾರು ಹೊರಬೇಕು? ಅದಕ್ಕೆ ಒಂದು ಕಾಂಕ್ರೀಟಿನ ಪಟ್ಟಿ ಅಡ್ಡ ಹಾಕುತ್ತೇವೆ, ಅದೇ ಲಿಂಟಲ್. ಎರಡೂ ಕಡೆ ಒಂದೊಂದು ಗೇಣು ಗೋಡೆಯ ಮೇಲೆ ಕೂತಿರಬೇಕು. ಇದು ಇಲ್ಲದೆ ಚಿತ್ರ ಬರೆದವನು ಕಿಟಕಿಯ ಮೇಲೆ ಸೀದಾ ಇಟ್ಟಂಗಿ ಇಟ್ಟಿದ್ದ. ನಮ್ಮ ಕೈಕೆಳಗಿದ್ದರೆ ಅವತ್ತೇ ಮನೆಗೆ ಕಳಿಸುತ್ತಿದ್ದೆ. ಕಿವಿಯ ಮೇಲಿನ ಚಪ್ಪಟೆ ಪೆನ್ಸಿಲ್ ತೆಗೆದು ನಾನೇ ಲಿಂಟಲ್ ಎಳೆದೆ. ಭಾಗಿ ತೊಡೆಯ ಮೇಲೆ ಕೂತಿದ್ದಳು. ನೋಡಲು ಬಾಗಿ ನನ್ನ ಮೊಣಕೈ ಹಿಡಿದು ಎಳೆದಳು. ಗೆರೆ ಬಲಗಡೆ ಜಾರಿ ಸೊಟ್ಟ ಆಯಿತು.

“ಏ ಕರಡಿ, ಲಿಂಟಲ್ ಎಲ್ಲೈತೋ?” ಎಂದು ಮೇಸ್ತ್ರಿಯ ದನಿಯಲ್ಲಿ ಗದರಿದೆ.

ಅವಳು ಗೆರೆಯ ಮೇಲೆ ಬೆರಳಿಟ್ಟು “ಇಲ್ಲೈತಿ!” ಎಂದು ಕಿರುಚಿದಳು.

ಮುಂದಿನ ಪುಟದಲ್ಲಿ ಕರಡಿ ಮಾಡಿನ ಮೇಲೆ ಒಂದು ಕಾಲು ಎತ್ತಿ ನಿಂತಿತ್ತು. ಹಂಚು ಹೊದಿಸುತ್ತಿದೆ ಎಂದೆ. ಕೊನೆಯ ಪುಟದಲ್ಲಿ ಮನೆ ಪೂರ್ತಿ ಆಗಿತ್ತು, ಆಡು, ಕೋಳಿ, ಮಂಗ ಎಲ್ಲ ಕೂತು ಉಣ್ಣುತ್ತಿದ್ದವು. ಗೃಹಪ್ರವೇಶದ ಹೋಳಿಗೆ ಎಂದೆ. ಅಲ್ಲಿ ಕಿಟಕಿಯ ಮೇಲೆ ನಾನು ಏನೂ ಎಳೆಯಲಿಲ್ಲ. ಪ್ಲಾಸ್ಟರ್ ಆದ ಮೇಲೆ ಲಿಂಟಲ್ ಕಾಣುವುದಿಲ್ಲ.

ಇಷ್ಟೇ. ಬಾಯಿಗೆ ಬಂದದ್ದು ಹೇಳಿ ಚಾ ಕುಡಿಯಲು ಎದ್ದಿದ್ದೆ. ಮರುದಿನದಿಂದ ಅದೇ ಮಾತು, ಅದೇ ದನಿ, ಅದೇ ಬೈಗುಳ ಬೇಕು ಎಂದು ಯಾರಿಗೆ ಗೊತ್ತಿತ್ತು? ‘ಲಗೂ ಲಗೂ’ ಎರಡು ಸಲ ಹೇಳಬೇಕು. ಒಂದೇ ಸಲ ಹೇಳಿದರೆ “ಆಡು ಹಂಗ ಅನ್ನಂಗಿಲ್ಲ” ಎನ್ನುತ್ತಾಳೆ. ಎರಡು ಪುಟ ಕೂಡಿಸಿ ತಿರುವಿದರೆ ಬೆರಳು ಹಾಕಿ ಬಿಡಿಸುತ್ತಾಳೆ. ಹೋಳಿಗೆಯ ಬದಲು ಒಮ್ಮೆ ಹುಗ್ಗಿ ಎಂದೆ. ಅವಳು ನನ್ನನ್ನು ನೋಡಿದ ನೋಟ ನಮ್ಮ ಮೇಸ್ತ್ರಿಯೂ ನೋಡಿಲ್ಲ.

ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬರಿಸುತ್ತಿದ್ದದ್ದು ಆ ಸೊಟ್ಟ ಗೆರೆ. ಏಳು ವರ್ಷದಲ್ಲಿ ನಾನು ಕಟ್ಟಿದ ಗೋಡೆಗೆ ತೂಗುಗುಂಡು ಬಿಟ್ಟು ನೋಡಿ, ಕೂದಲೆಳೆ ಸರಿದಿದ್ದರೆ ಕೇಳಿ. ಅಂಥವನು ದಿನಾ ಸಂಜೆ ನನ್ನದೇ ಕೈಯ ಸೊಟ್ಟ ಲಿಂಟಲ್ ನೋಡಬೇಕು. ಒಂದು ಸಲ ಅಳಿಸಿ ಸರಿ ಮಾಡಲು ಹೋದೆ. ಓಣಿಯ ಜನ ಓಡಿ ಬರುವ ಹಾಗೆ ಅತ್ತಳು. ಬಿಟ್ಟೆ.

ಲಿಂಟಲ್ ಎಂದರೆ ಇವನಿಗೇಕೆ ಇಷ್ಟು ಎಂದು ನೀವು ಕೇಳಬಹುದು. ನಮ್ಮೂರು ಸುರಪುರದ ಕಡೆ. ಊರಿನ ಶಾಲೆಗೆ ಎರಡು ಕೋಣೆ. ಕಿಟಕಿಗೆ ಕಬ್ಬಿಣದ ಸರಳು. ಆ ಸರಳು ಹಿಡಿದು ಜೋತಾಡುವುದರಲ್ಲಿ ನನ್ನನ್ನು ಮೀರಿಸಿದವರು ಇರಲಿಲ್ಲ. ಪಾಠ ನನಗೆ ಹತ್ತುತ್ತಿರಲಿಲ್ಲ, ಕಿಟಕಿ ಹತ್ತುತ್ತಿದ್ದೆ. ಒಂದು ದಿನ ಮಧ್ಯಾಹ್ನ ಬಿಸಿಯೂಟ ಉಂಡು ಜೋತಾಡಿ ಕೆಳಗೆ ಜಿಗಿದೆ. ಹಿಂದೆಯೇ ಕಿಟಕಿಯ ಮೇಲಿನ ಗೋಡೆ ದೊಪ್ಪನೆ ಬಿತ್ತು. ಯಾರಿಗೂ ಏನೂ ಆಗಲಿಲ್ಲ. ಬರೆಯುವ ಎರಡು ಪಾಟಿ ಒಡೆದವು, ಧೂಳು ಎದ್ದಿತು. ಹೆಡ್‌ಮಾಸ್ತರು ಧೂಳಿನೊಳಗಿಂದಲೇ ನನ್ನ ಕಿವಿ ಹಿಡಿದರು.

“ಜೋತಾಡಿ ಜೋತಾಡಿ ಸಾಲಿ ಕೆಡವಿದಿ ಏನಲೇ ಮಗನ!”

ಅವರು ಹೊಡೆದರು. ಸಂಜೆ ಅಪ್ಪ ಹೊಡೆದ. ಊರಲ್ಲಿ ನನಗೆ ‘ಸಾಲಿ ಕೆಡವಿದಾವ’ ಎಂದೇ ಹೆಸರು ಬಿತ್ತು. ಮರುದಿನ ಶಾಲೆಗೆ ಹೋದೆ. ಹುಡುಗರೆಲ್ಲ ಬೇವಿನ ಗಿಡದ ಕೆಳಗೆ ಕೂತಿದ್ದರು, ನನ್ನನ್ನು ನೋಡಿ ನಕ್ಕರು. ಅಲ್ಲಿಂದಲೇ ತಿರುಗಿ ಬಂದೆ. ಮತ್ತೆ ಹೋಗಲಿಲ್ಲ. ಕೆಡವಿದವನು ಯಾವ ಮುಖ ಹೊತ್ತು ಹೋಗಬೇಕು?

ನಾನೇ ಕೆಡವಿದೆ ಎಂದು ನಂಬಿಕೊಂಡೇ ದೊಡ್ಡವನಾದೆ. ಇಲ್ಲಿಗೆ ಬಂದ ವರ್ಷ ಬೇಗಂಪೇಟೆಯಲ್ಲಿ ಒಂದು ಕಟ್ಟಡದ ಕೆಲಸ. ನಮ್ಮ ಕಡೆಯ ಹಿರಿಯ ಗೌಂಡಿ ಒಬ್ಬರು ಲಿಂಟಲ್ ತೋರಿಸಿ, “ಇದು ಇಲ್ಲಂದ್ರ ಗ್ವಾಡಿ ಇವತ್ತಲ್ಲ ನಾಳೆ ಬೀಳಾಕs ಬೇಕು. ಯಾರು ಮುಟ್ಟದಿದ್ರೂ ಬೀಳ್ತೈತಿ” ಎಂದರು. ನಾನು ಕರಣೆ ಕೆಳಗಿಟ್ಟೆ. ಬಿದ್ದ ಆ ಗೋಡೆ ಕಣ್ಣೆದುರು ಬಂತು. ಇಟ್ಟಂಗಿ ಬಿದ್ದಿದ್ದವು, ಮಣ್ಣು ಬಿದ್ದಿತ್ತು. ಕಾಂಕ್ರೀಟಿನ ಒಂದು ತುಂಡೂ ಬಿದ್ದಿರಲಿಲ್ಲ. ಹಾಕಿದ್ದರಲ್ಲವೇ ಬೀಳುವುದು! ಕಟ್ಟಿದವನು ಲಿಂಟಲ್ ತಿಂದು ಹೋಗಿದ್ದ, ಒದೆ ತಿಂದವನು ನಾನು. ಆವತ್ತು ಬಂದ ಸಿಟ್ಟು ಇವತ್ತಿನವರೆಗೆ ಇಳಿದಿಲ್ಲ. ಇಳಿಯಲಿ ಎಂದು ನನಗೆ ಆಸೆಯೂ ಇಲ್ಲ.

ಇರಲಿ, ಪುಸ್ತಕಕ್ಕೆ ಬರುತ್ತೇನೆ.

ನಮ್ಮ ಓಣಿಯ ಹಿಂದೆ ಒಂದು ಬಾಲವಾಡಿ ಇದೆ. ಭಾಗಿ ಅಲ್ಲಿಗೆ ಹೋಗುತ್ತಾಳೆ. ಮಾದೇವಿಯೂ ನನ್ನ ಜೊತೆ ಕೆಲಸಕ್ಕೆ ಬರುತ್ತಾಳೆ, ಗೋಡೆಗೆ ನೀರು ಹೊಡೆಯುತ್ತಾಳೆ, ಇಟ್ಟಂಗಿ ಹೊರುತ್ತಾಳೆ. ಸೈಟಿನಲ್ಲಿ ಮಕ್ಕಳನ್ನು ಬಿಡುವುದಿಲ್ಲ. ಬಿಟ್ಟರೂ ನಾನು ಒಯ್ಯುವುದಿಲ್ಲ, ಮೇಲಿನಿಂದ ಏನು ಬೀಳುತ್ತದೆ ಎಂದು ನನಗೆ ಗೊತ್ತು. ಹಾಗಾಗಿ ಬಾಲವಾಡಿ ಇದ್ದರೆ ನಮ್ಮ ದಿನ ನಡೆಯುತ್ತದೆ, ಇಲ್ಲದಿದ್ದರೆ ಇಬ್ಬರಲ್ಲಿ ಒಬ್ಬರು ಮನೆಯಲ್ಲಿ ಕೂರಬೇಕು.

ಹೋದ ತಿಂಗಳು ಒಂದು ದಿನ ಭಾಗಿ ಪುಸ್ತಕ ಬಾಲವಾಡಿಗೆ ಒಯ್ದಳು. ಪೀಡೆ ತೊಲಗಲಿ ಎಂದು ನಾನೂ ಸುಮ್ಮನಿದ್ದೆ. ಸಂಜೆ ನೋಡಿದರೆ ಮೂಲೆಯಲ್ಲಿ ಕೂತಿದ್ದಾಳೆ, ಕಣ್ಣು ಊದಿವೆ. ಪುಸ್ತಕ ದೂರ ಬಿದ್ದಿದೆ. ಓದು ಎನ್ನಲಿಲ್ಲ. ಎರಡು ತಿಂಗಳಲ್ಲಿ ಮೊದಲ ಸಲ ನನಗೆ ಬಿಸಿ ಚಾ ಸಿಕ್ಕಿತು, ಕುಡಿಯದೆ ಕೆಳಗಿಟ್ಟೆ.

“ಏನಾತವ್ವಾ?”

“ಟೀಚರ್ ಮನಿ ಕೆಡವ್ಯಾಳ.”

“ಯಾರ ಮನಿ?”

“ಕರಡೀದು. ಲಿಂಟಲ್ ತಗದಾಳ. ಮನಿ ಬಿತ್ತು. ಕರಡಿ ಅಳಾಕತ್ತೈತಿ.”

ಪುಸ್ತಕ ತೆಗೆದು ನೋಡಿದೆ. ಕಿಟಕಿಯ ಮೇಲೆ ಗೆರೆ ಇಲ್ಲ. ರಬ್ಬರಿನಿಂದ ಉಜ್ಜಿ ಹಾಳೆ ಹೊಳೆಯುವ ಹಾಗೆ ಸ್ವಚ್ಛ ಮಾಡಿದ್ದರು.

ಮರುದಿನ ಭಾಗಿ ಬಾಲವಾಡಿಗೆ ಹೋಗುವುದಿಲ್ಲ ಎಂದಳು. ಅದರ ಮರುದಿನವೂ ಹೋಗಲಿಲ್ಲ. ಆ ಮನೆ ಕೆಡವುವ ಟೀಚರ್ ಹತ್ತಿರ ಕೂರುವುದಿಲ್ಲ, ಬಾಲವಾಡಿಯೂ ಬೀಳುತ್ತದೆ ಎಂದು ಬಾಗಿಲ ಚೌಕಟ್ಟು ಹಿಡಿದು ಅಳುತ್ತಿದ್ದಳು. ಮಾದೇವಿ ಎರಡು ದಿನ ಕೆಲಸ ಬಿಟ್ಟಳು. ಮೂರನೆಯ ದಿನ ಮುಂಜಾನೆ ನನಗೆ ಒಂದೇ ಮಾತು ಹೇಳಿದಳು.

“ಹಿಂಗs ಬಿಟ್ರ ಈಕೀದೂ ಸಾಲಿ ಮುಗೀತೈತಿ ನೋಡ್ರಿ. ನಿಮ್ಮಂಗ.”

ನಾನು ಮಗಳನ್ನು ಎತ್ತಿ ಟೊಂಕಕ್ಕೆ ಕೂರಿಸಿಕೊಂಡು, ಪುಸ್ತಕ ಬಗಲಿಗೆ ಸಿಕ್ಕಿಸಿಕೊಂಡು ನಡೆದೆ. ಕೆಲಸದ ಬಟ್ಟೆಯಲ್ಲೇ ಇದ್ದೆ. ಬಾಲವಾಡಿಯಲ್ಲಿ ಮಕ್ಕಳು ಚಾಪೆಯ ಮೇಲೆ ಕೂತಿದ್ದವು. ಟೀಚರ್ ನಡುವಯಸ್ಸಿನ ಹೆಂಗಸು, ತಲೆಯ ಮೇಲೆ ದುಪಟ್ಟಾ. ನಮ್ಮ ಪುಸ್ತಕಕ್ಕೆ ಏಕೆ ಕೈ ಹಾಕಿದಿರಿ ಎಂದು ನನ್ನ ಹರಕು ಉರ್ದುವಿನಲ್ಲಿ ಕೇಳಿದೆ. ಅವರು ಶಾಂತವಾಗಿ ಕೂರಿ ಎಂದರು. ಸಿಟ್ಟು ಬಂದವನಿಗೆ ಕೂರಿ ಎನ್ನಬಾರದು, ಇನ್ನೂ ಹೆಚ್ಚಾಗುತ್ತದೆ. ಆಚೆ ತಿರುಗಿ ನಮ್ಮ ಮಾತಿನಲ್ಲಿ ಗೊಣಗಿದೆ.

“ತಲ್ಯಾಗ ಏನು ಮರಳು ತುಂಬ್ಯಾರೋ ಈ ಹೆಂಗಸಿಗೆ.”

“ಮರಳಲ್ಲರಿ ಅಣ್ಣಾ, ಮೆದುಳೇ ಅದ” ಎಂದರು ಟೀಚರ್. “ನಮ್ದು ತವರ್ಮನಿ ಬೀದರ್.”

ನನ್ನ ಸಿಟ್ಟು ಹೋಗಲಿಲ್ಲ, ಆದರೆ ಎಲ್ಲಿ ನಿಲ್ಲಬೇಕೋ ಗೊತ್ತಾಗದೆ ಒಂದು ಗಳಿಗೆ ಒದ್ದಾಡಿತು. ಕೂತೆ.

“ಯಾರೋ ಹುಡುಗ್ರು ಗೀಚ್ಯಾರ ಅಂತ ತಿಳದು ಅಳಿಸಿದ್ನರಿ. ಒಳ್ಳೇ ಪುಸ್ತಕ, ಸ್ವಚ್ಛ ಇರ್ಲಿ ಅಂತ. ಆಮ್ಯಾಲ ಎಲ್ಲಾರಿಗೂ ಓದಿ ಹೇಳಿದೆ. ನಿಮ್ಮ ಹುಡುಗಿ ಎದ್ದು ನಿಂತು ಬ್ಯಾಡ ಬ್ಯಾಡ ಅಂತ ಚೀರಿದ್ಳು. ಯಾಕಂತ ನಂಗ ಇವತ್ತಿಗೂ ತಿಳದಿಲ್ಲ.”

“ಏನಂತ ಓದಿದ್ರಿ?”

ಟೀಚರ್ ಪುಸ್ತಕ ತೆಗೆದುಕೊಂಡು ನನ್ನ ಎದುರಿಗೆ ಬಿಚ್ಚಿದರು, ನಾನು ಮುಗಿಸುವ ಕಡೆಯಿಂದ. ಉರ್ದು ಬಲದಿಂದ ಎಡಕ್ಕೆ ಓದುವುದು, ಅದರ ಪುಸ್ತಕ ಆ ಕಡೆಯಿಂದ ಶುರುವಾಗುತ್ತದಂತೆ. ಕರಡಿ ಗೆಳೆಯರ ಜೊತೆ ಮನೆಯಲ್ಲಿ ಉಣ್ಣುತ್ತಿತ್ತು. ಆಮೇಲೆ ಸೊಕ್ಕಿನಿಂದ ಮಾಡಿನ ಮೇಲೆ ಹತ್ತಿ ಕುಣಿಯಿತು. ಹಂಚು ಉದುರಿದವು, ಮಾಡು ಹೋಯಿತು. ಗೋಡೆ ಬಿರಿಯಿತು. ಬೇಡ ಬೇಡ ಎಂದು ಆಡು ಕೈ ಎತ್ತಿ ಒದರಿತು, ಕರಡಿ ಕೇಳಲಿಲ್ಲ. ಕೊನೆಗೆ ಮನೆ ಬಿದ್ದು ರಾಶಿಯಾಯಿತು, ಕರಡಿ ಅದರ ಮೇಲೆ ಕೂತು ಅತ್ತಿತು. ದೊಡ್ಡವರ ಮಾತು ಕೇಳಬೇಕು ಎಂಬ ನೀತಿ.

ಎರಡು ತಿಂಗಳು ನಾನು ಪುಸ್ತಕವನ್ನು ಹಿಂದಿನಿಂದ ಮುಂದಕ್ಕೆ ಓದಿದ್ದೆ. ಇಟ್ಟಂಗಿ ರಾಶಿ ಕಂಡರೆ ಕೆಲಸ ಶುರು ಎಂದು ತಿಳಿಯುವುದು ನಮ್ಮ ಜಾಯಮಾನ. ಬೇರೆ ಯಾರಾದರೂ ಆಗಿದ್ದರೆ ಅಳುವ ಕರಡಿಯ ಮುಖವನ್ನಾದರೂ ನೋಡುತ್ತಿದ್ದರು.

“ನೀವು ಉಲ್ಟಾ ಓದೀರಿ ಅಣ್ಣಾ” ಎಂದು ಟೀಚರ್ ನಕ್ಕರು.

ಅವರು ನಗದಿದ್ದರೆ ಬಹುಶಃ ಎದ್ದು ಬರುತ್ತಿದ್ದೆ.

“ಉಲ್ಟಾ ನಂದಲ್ರಿ, ಇದು ಬರದಾವಂದು. ಕುಣದ್ರ ಮನಿ ಬೀಳ್ತೈತೇನ್ರಿ? ಒಂದು ಕರಡಿ ಕುಣದ್ರ ಬೀಳೋದು ಮನೀನಾ? ಕಿಟಕಿ ನೋಡ್ರಿ. ಲಿಂಟಲ್ ಇಲ್ಲ! ಕಟ್ಟಿದಾವ ಕಳ್ಳ. ಅವನ್ನ ಬಿಟ್ಟು ಪಾಪ ಕುಣದಾವನ ಮ್ಯಾಲೆ ಹಾಕ್ತೀರಿ. ಮ್ಯಾಲ ನೀತಿ ಬ್ಯಾರೆ!”

ನನ್ನ ದನಿ ಏರಿತ್ತು. ಚಾಪೆಯ ಮೇಲಿನ ಮಕ್ಕಳು ಬಾಯಿ ತೆರೆದು ನೋಡುತ್ತಿದ್ದವು. ಟೀಚರ್ ನಗುವುದು ನಿಲ್ಲಿಸಿ ಚಿತ್ರವನ್ನು ಕಣ್ಣ ಹತ್ತಿರ ಹಿಡಿದರು. ಕಿಟಕಿಯ ಮೇಲೆ ಬೆರಳಿಟ್ಟು ನೋಡಿದರು.

“ಖರೆ ಅದರಿ” ಎಂದರು. “ಹಂಗಾದ್ರ ಹಾಕಿ ಕೊಡ್ರಿ.”

ಕಟ್ಟಿಗೆಯ ಸ್ಕೇಲು ಕೊಟ್ಟರು. ಕಿವಿಯಿಂದ ಪೆನ್ಸಿಲ್ ತೆಗೆದೆ. ಭಾಗಿ ಪಕ್ಕದಲ್ಲಿ ನಿಂತು ನೋಡುತ್ತಿದ್ದಳು. ಸುಳ್ಳು ಏಕೆ ಹೇಳಲಿ, ಒಳಗೊಳಗೆ ನನಗೆ ಖುಷಿಯಾಯಿತು. ಸೊಟ್ಟ ಗೆರೆ ತಾನಾಗಿ ಹೋಗಿತ್ತು, ಈಗ ಸರಿಯಾಗಿ ಎಳೆಯಬಹುದಿತ್ತು. ಎಳೆದೆ. ಎರಡೂ ಕಡೆ ಸಮ, ನೀರು ಇಟ್ಟರೆ ಹರಿಯಬಾರದು ಹಾಗೆ.

“ಇದು ನಮ್ದಲ್ಲ” ಎಂದಳು ಭಾಗಿ.

“ಇದs ಛಲೋ ಐತವ್ವಾ.”

“ಇದು ಬೀಳ್ತೈತಿ.”

ಟೀಚರ್ ರಬ್ಬರ್ ಚಾಚಿದರು. ಕಸಿದುಕೊಂಡು ಅಳಿಸಿದೆ. ಸ್ಕೇಲು ಬಿಟ್ಟು, ಬೇಕೆಂದೇ ಸೊಟ್ಟ ಎಳೆಯಲು ಹೋದೆ. ಕೈ ಕೇಳಲಿಲ್ಲ. ಗೆರೆ ಸೀದಾ ಬಂತು. ಮತ್ತೆ ಅಳಿಸಿದೆ, ಮತ್ತೆ ಸೀದಾ ಬಂತು. ಮಕ್ಕಳು ಚಾಪೆ ಬಿಟ್ಟು ಸುತ್ತ ನೆರೆದವು.

“ಸೊಟ್ಟ ಎಳೀಲಿಕ್ಕ ಇಷ್ಟೊತ್ತ ಬೇಕಾ ಅಣ್ಣಾ?” ಎಂದರು ಟೀಚರ್.

“ಬರವಲ್ದ್ರಿ ನಂಗ!”

ಭಾಗಿ ಬಂದು ನನ್ನ ತೊಡೆಯ ಮೇಲೆ ಹತ್ತಿ ಕೂತಳು. ಎರಡೂ ಕೈಯಿಂದ ನನ್ನ ಮೊಣಕೈ ಹಿಡಿದಳು. “ಈಗ ಹಾಕು” ಎಂದಳು. ನಾನು ಎಳೆಯುತ್ತ ಹೋದೆ, ಕಿಟಕಿ ದಾಟುವ ಹೊತ್ತಿಗೆ ಅವಳು ಎಳೆದಳು. ಗೆರೆ ಬಲಗಡೆ ಕೆಳಗೆ ಜಾರಿತು.

“ಹ್ಞಾಂ. ಇದು.”

ಮೇಸ್ತ್ರಿಯ ಫೋನು ಬಡಿದುಕೊಳ್ಳುತ್ತಿತ್ತು. ತೆಗೆಯಲಿಲ್ಲ. ಅವಳು ಓದು ಎನ್ನುವ ಮೊದಲೇ ಓದಿದೆ, ನಮ್ಮ ಕಡೆಯಿಂದ, ಇಟ್ಟಂಗಿ ರಾಶಿಯಿಂದ. ‘ಲಗೂ ಲಗೂ’ ಎರಡು ಸಲ ಹೇಳಿದೆ. ಹೋಳಿಗೆ ಎಂದೇ ಹೇಳಿದೆ. ಮನೆ ಪೂರ್ತಿಯಾದ ಮೇಲೆ ಭಾಗಿ ತೊಡೆಯಿಂದ ಇಳಿದು, ಹೋಗಿ ಚಾಪೆಯ ಮೇಲೆ ತನ್ನ ಜಾಗದಲ್ಲಿ ಕೂತಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಬಾಗಿಲ ಹತ್ತಿರ ಟೀಚರ್ ಮೆಲ್ಲಗೆ ಕೇಳಿದರು. “ಇನ್ನ ಮ್ಯಾಲೆ ನಾ ಯಾವ ಕಡಿಂದ ಓದ್ಲಿರಿ?”

“ಯಾವ ಕಡಿಂದರ ಓದ್ರಿ. ಬೀಳಿಸಬ್ಯಾಡ್ರಿ ಅಷ್ಟ.”

ಹೊರಗೆ ಬಂದು ಗೋಡೆಯನ್ನು ಒಮ್ಮೆ ನೋಡಿದೆ. ಬಾಲವಾಡಿಯ ಕಿಟಕಿಗೆ ಲಿಂಟಲ್ ಇದೆಯೋ ಇಲ್ಲವೋ ಪ್ಲಾಸ್ಟರಿನ ಮೇಲಿಂದ ತಿಳಿಯುವುದಿಲ್ಲ. ಮುಷ್ಟಿಯಿಂದ ಮೂರು ಕಡೆ ಬಡಿದು ಸದ್ದು ಕೇಳಿದೆ. ಇತ್ತು. ಕೆಲಸಕ್ಕೆ ಹೋದೆ.

ನಿನ್ನೆ ಸಂಜೆಯೂ ಅದೇ. ಕೈಯಲ್ಲಿ ಸಿಮೆಂಟು, ಬಾಗಿಲಲ್ಲಿ ಭಾಗಿ, ಆರಿದ ಚಾ. ಮೂರನೆಯ ಪುಟಕ್ಕೆ ಬಂದೆ. “ಏ ಕರಡಿ, ಲಿಂಟಲ್ ಎಲ್ಲೈತೋ?” “ಇಲ್ಲೈತಿ!” ಅವಳ ಬೆರಳಿನ ಕೆಳಗೆ ಆ ಗೆರೆ. ಎಡಗಡೆ ಗೇಣು ಕೂತಿದೆ, ಬಲಗಡೆ ಎರಡು ಬೆರಳೂ ಕೂತಿಲ್ಲ. ಮೊದಲಿನದಕ್ಕಿಂತ ಹೆಚ್ಚು ಸೊಟ್ಟ. ಯಾವ ಗೌಂಡಿ ಹಾಕಿದನೋ ಎಂದು ಮನಸ್ಸಿನಲ್ಲೇ ಬೈದುಕೊಂಡು ಪುಟ ತಿರುವಿದೆ.